ಕಂಬಳಿಯ ಮೇಲೆ ಇಪ್ಪತ್ತೆರಡು ಗಜ

ಮೊಹತಮಿಮ್ ಸಾಹೇಬಾ ಎಂದರೆ ಹೆಣ್ಣುಮಕ್ಕಳ ಶಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿ. ಅವರು ಜಹೀರಾಬಾದಿಗೆ ಬಂದರೆ ಮೊದಲು ಕುಡಿಯುವ ನೀರಿನ ಮಡಕೆ ನೋಡುತ್ತಿದ್ದರು, ಆಮೇಲೆ ಹಾಜರಿ ಪುಸ್ತಕ, ಕೊನೆಗೆ ನನ್ನನ್ನು. ಆ ವರ್ಷ ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಬಂದವರು ಮಡಕೆಯನ್ನೂ ನೋಡಲಿಲ್ಲ, ಪುಸ್ತಕವನ್ನೂ ತೆರೆಯಲಿಲ್ಲ. ಊರಿನ ದೊಡ್ಡವರು ಅರ್ಜಿ ಕೊಟ್ಟಿದ್ದಾರೆ ಎಂದು ಉರ್ದುವಿನಲ್ಲಿ ಹೇಳಿದರು. ಬೆಳೆದ ಹುಡುಗಿಯರು ಬ್ಯಾಟು ಹಿಡಿದು ಓಡುವುದು ಮರ್ಯಾದೆಯಲ್ಲ, ಆಟದ ಪಿರಿಯಡ್ ತೆಗೆದು ಆ ಹೊತ್ತಿನಲ್ಲೂ ಹೊಲಿಗೆ ಕಲಿಸಬೇಕು ಎಂಬುದು ಅರ್ಜಿಯ ಸಾರ.

ನಾನು ಆ ಶಾಲೆಯ ಡ್ರಿಲ್ ಟೀಚರು. ಹೈದರಾಬಾದಿನಲ್ಲಿ ಟ್ರೇನಿಂಗ್ ಆಗುವಾಗ ಒಬ್ಬ ಇಂಗ್ಲಿಷ್ ಮೇಡಂ ಎರಡು ಚಳಿಗಾಲ ನಮಗೆ ಕ್ರಿಕೆಟ್ ಕಲಿಸಿದ್ದರು. ಅದನ್ನೇ ನಾನು ಜಹೀರಾಬಾದಿನ ಹುಡುಗಿಯರಿಗೆ ಶಾಲೆಯ ಹಿಂದಿನ ಗೋಡೆಯೊಳಗೆ ಕಲಿಸುತ್ತಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ. ಅರ್ಜಿ ಕೊಟ್ಟವರ ಹೆಸರು ಕೇಳಲು ಬಾಯಿ ತೆರೆದೆ. ಸಾಹೇಬಾ ಕೈ ಎತ್ತಿ ತಡೆದರು.

ತಾಂಡೂರಿನಲ್ಲಿ ರೈಲ್ವೆ ಮತ್ತು ಕಲ್ಲುಗಣಿಯ ಸಾಹೇಬರ ಮನೆಯ ಹೆಂಗಸರು ಒಂದು ತಂಡ ಕಟ್ಟಿದ್ದರಂತೆ. ಅವರಿಗೆ ಎದುರಾಳಿಗಳು ಬೇಕಾಗಿದ್ದರು. ಸಂಕ್ರಾಂತಿ ಆದ ಮೇಲೆ ಹೋಗಿ ಅವರೊಡನೆ ಒಂದು ಮ್ಯಾಚ್ ಪೂರ್ತಿ ಆಡಿ ಮುಗಿಸಿದರೆ, ಅದನ್ನೇ ತೋರಿಸಿ ಪಿರಿಯಡ್ ಉಳಿಸುವ ಜವಾಬ್ದಾರಿ ತಮ್ಮದು ಎಂದರು ಸಾಹೇಬಾ. ಹನ್ನೊಂದು ಜನರೂ ವಿದ್ಯಾರ್ಥಿನಿಯರು ಇಲ್ಲವೇ ಟೀಚರುಗಳೇ ಆಗಿರಬೇಕು ಎಂದು ಕಾಗದದಲ್ಲಿ ಬರೆದೂ ಕೊಟ್ಟರು. ಹೋಗುವಾಗ ಬಾಗಿಲಲ್ಲಿ ನಿಂತು, "ಅಲ್ಲಿಯ ಕ್ಯಾಪ್ಟನ್ ತನ್ನ ದೇಶದ ಹೆಂಗಸರ ತಂಡದಲ್ಲಿ ಆಡಿದವಳು. ಹಡಗು ಹತ್ತಿ ಬೇರೆ ದೇಶಕ್ಕೆ ಹೋಗಿ ಆಡಿಬಂದವಳು. ಗೊತ್ತಿರಲಿ" ಎಂದರು. ಹೆಂಗಸರು ದೇಶಕ್ಕಾಗಿ ಆಡುತ್ತಾರೆ ಎಂಬುದನ್ನೇ ನಾನು ಮೊದಲ ಸಲ ಕೇಳಿದ್ದು. ಹೆದರಬೇಕಾಗಿತ್ತು. ನನಗೆ ಖುಷಿಯೇ ಆಯಿತು.

ಒಂಬತ್ತು ಹುಡುಗಿಯರು, ನಾನು, ಉರ್ದು ಕಲಿಸುವ ಉಸ್ತಾನಿ, ಒಟ್ಟು ಹನ್ನೊಂದು. ಉಸ್ತಾನಿ ಬುರ್ಖಾ ಹಾಕುವವರು. ಆಟದ ಜಾಗದ ಸುತ್ತ ಕನಾತು, ಅಂದರೆ ಬಟ್ಟೆಯ ಗೋಡೆ, ಕಟ್ಟುತ್ತಾರೆ, ಒಳಗೆ ಗಂಡಸರು ಬರುವುದಿಲ್ಲ ಎಂದ ಮೇಲೆ ವಿಕೆಟ್ ಹಿಂದೆ ನಿಲ್ಲಲು ಒಪ್ಪಿದರು. ಹುಡುಗಿಯರಲ್ಲಿ ಹೆಚ್ಚಿನವರು ಲಿಂಗವಂತರ ಮನೆಯವರು. ಓಡುವಾಗ ಕೊರಳ ಲಿಂಗದ ಕರಡಿಗೆ ಎದೆಗೆ ಬಡಿಯುತ್ತಿತ್ತು. ಅದು ಅಲುಗದಂತೆ ಸೆರಗನ್ನು ಬಿಗಿದು ಕಟ್ಟುವುದನ್ನು ಕಲಿಸಲಿಕ್ಕೇ ನನಗೆ ಎರಡು ದಿನ ಹಿಡಿಯಿತು. ಚರ್ಮದ ಚೆಂಡು ಮುಟ್ಟಿದ್ದಕ್ಕೆ ಮನೆಯಲ್ಲಿ ದಿನಾ ಸಂಜೆ ತಲೆಗೆ ನೀರು ಹಾಕಿಸುತ್ತಿದ್ದರು. ಚಳಿಗಾಲದ ಆ ಸ್ನಾನಕ್ಕೆ ಹುಡುಗಿಯರು ನನ್ನನ್ನೇ ಬೈಯುತ್ತಿದ್ದರು.

ಈ ಹುಡುಗಿಯರನ್ನು ಮನೆಮನೆಗೆ ಹೋಗಿ ಕರೆತರುವುದು, ಸಂಜೆ ತಿರುಗಿ ಬಿಟ್ಟುಬರುವುದು ಶಾಲೆಯ ಆಯಾಳ ಕೆಲಸ. ಎಲ್ಲರೂ ಅವಳನ್ನು ಆಯಮ್ಮ ಎನ್ನುತ್ತಿದ್ದರು. ಪಸ್ತಾಪುರದ ಕಡೆಯ ಕುರುಬರವಳು, ಮೂವತ್ತೈದರ ಆಸುಪಾಸು. ಕಚ್ಚೆ ಹಾಕಿದ ಸೀರೆ, ಸೊಂಟದಲ್ಲಿ ಉಣ್ಣೆಯ ಉಂಡೆ, ಕೈಯಲ್ಲಿ ತಕಲಿ. ನಡೆಯುವಾಗಲೂ ನೂಲುತ್ತಿದ್ದಳು. ತಾಯಂದಿರು ಮಗಳನ್ನು ಕಳಿಸುವುದಿಲ್ಲ ಎಂದರೆ ಹೊಸ್ತಿಲಲ್ಲೇ ಕೂತು ನೂಲುತ್ತ ಇರುತ್ತಿದ್ದಳು. ಕೊನೆಗೆ ಅವರೇ ಬೇಸತ್ತು ಕಳಿಸುತ್ತಿದ್ದರು.

ಮೊದಲ ತೊಂದರೆ ಪಿಚ್ಚಿನದು. ನಮ್ಮದು ಎರೆಮಣ್ಣು, ಒಣಗಿದರೆ ಕೈ ತೂರುವಷ್ಟು ಬಿರುಕು. ನಾರಿನ ಚಾಪೆ ಹಾಸದೆ ಆಡುವಂತಿಲ್ಲ. ಎರಡನೆಯ ಮಹಾಯುದ್ಧದ ಕಾಲ, ನಾರೆಲ್ಲ ಫೌಜಿಗೆ ಹೋಗುತ್ತಿತ್ತು. ತಾಂಡೂರಿನವರೂ ತಮ್ಮ ಚಾಪೆ ಫೌಜಿಗೆ ಕೊಟ್ಟಿದ್ದೇವೆ, ನಿಮ್ಮಲ್ಲಿದ್ದರೆ ತನ್ನಿ ಎಂದು ಬರೆದರು. ಆಯಮ್ಮನ ಅಣ್ಣತಮ್ಮಂದಿರು ಕಂಬಳಿ ನೇಯುವವರು. ಅವರ ಮನೆಯಿಂದ ಒಂಬತ್ತು ಹೊಸ ಕಂಬಳಿ ಬಂತು. ಉದ್ದಕ್ಕೆ ಒಂದಕ್ಕೊಂದು ಸೇರಿಸಿ ಹೊಲಿದೆವು. ಅಂಚಿಗೆ ಹಗ್ಗ ಕೂಡಿಸಿ, ಗೂಟಕ್ಕೆ ಸಿಕ್ಕಿಸಲು ಕುಣಿಕೆ ಬಿಟ್ಟೆವು. ಅಳೆದರೆ ಇಪ್ಪತ್ತೆರಡು ಗಜಕ್ಕೆ ಸರಿಯಾಗಿ ಕೂತಿತು. ಆ ದಿನ ನಾನು ಮೀಸೆ ಇಲ್ಲದೆಯೂ ಮೀಸೆ ತಿರುವಿದೆ.

ಚಾಪೆಯ ಮೇಲೆ ನೀರು ಚಿಮುಕಿಸಿದರೆ ಬಿಗಿಯಾಗಿ ಕೂರುತ್ತದೆ ಎಂದು ಟ್ರೇನಿಂಗಿನಲ್ಲಿ ಹೇಳಿದ್ದರು. ರಜೆಯ ದಿನ ಬೆಳಿಗ್ಗೆ ಒಬ್ಬಳೇ ಹೋಗಿ ಎಂಟು ಕೊಡ ನೀರು ಹೊಡೆದೆ. ಮಧ್ಯಾಹ್ನ ನೋಡುತ್ತೇನೆ, ಕಂಬಳಿ ಒಣಗಿ ಹಲಗೆಯಾಗಿದೆ. ಮಣ್ಣೆಲ್ಲ ಅಂಟಿದೆ. ಮುಕ್ಕಾಲು ಗಜ ಕುಗ್ಗಿ ಕುಣಿಕೆಗಳು ಕಿತ್ತು ಬಂದಿವೆ. ಚೆಂಡು ಹಾಕಿದರೆ ಪುಟಿಯದೆ ಬಿದ್ದಲ್ಲೇ ನಿಂತಿತು.

ಆಯಮ್ಮ ಬಂದು ಬೆರಳಲ್ಲಿ ಉಜ್ಜಿ ನೋಡಿದಳು.

"ಹೊಸಾ ಕಂಬಳಿಗಿ ನೀರ ಹೊಡಿತಾರೇನ್ರಿ ಅಕ್ಕೋರ? ನೇಯೋ ಮುಂದ ನೂಲಿಗಿ ಹುಣಸಿ ಬೀಜದ ಗಂಜಿ ಹಚ್ಚಿರ್ತಾರ. ನೆನದ್ರ ಅಂಟಾಗ್ತದ. ನನಗ ಒಂದ್ ಮಾತ ಕೇಳಬಾರದಾಗಿತ್ತೇನ್ರಿ?"

"ತಪ್ಪಾತು ಆಯಮ್ಮ," ಎಂದೆ. ನಾನು ತಪ್ಪಾಯಿತು ಎನ್ನುವುದು ಅಪರೂಪ. ಉಸ್ತಾನಿ ಕಿವಿ ನಿಮಿರಿಸಿ ಕೇಳಿದರು.

ಹೊಲಿಗೆ ಬಿಚ್ಚಿ ಒಂಬತ್ತನ್ನೂ ಕೆರೆಗೆ ಹೊತ್ತೆವು. ಅಂಟುವಾಳದ ನೊರೆಯಲ್ಲಿ ನೆನೆಸಿ ಮೂರು ದಿನ ಹುಡುಗಿಯರೆಲ್ಲ ಸಾಲಾಗಿ ನಿಂತು ತುಳಿದರು. ಗಂಜಿಯ ನೀರು ಬಿಳಿಯಾಗಿ ಹರಿದು ಹೋಯಿತು. ಆಮೇಲೆ ದಂಡೆಯ ಮೇಲೆ ಎಳೆದು ಹಾಸಿ, ಅಂಚಿಗೆ ಕಲ್ಲು ಹೇರಿ ಒಣಗಲು ಬಿಟ್ಟೆವು. ಕುಗ್ಗಿದ್ದಕ್ಕೆ ಹತ್ತನೆಯ ಕಂಬಳಿ ಬೇಕಾಯಿತು. ಒಂದು ವಾರ ಕೈಬಿಟ್ಟು ಹೋಯಿತು.

ಒಣಗಲು ಹಾಕಿದ ಮರುದಿನ ಆಯಮ್ಮ ದಂಡೆಯಲ್ಲಿ ಕೂತು ನೂಲುತ್ತಿದ್ದಳು. ಇಬ್ಬರು ಹುಡುಗಿಯರು ಒಣಗುತ್ತಿದ್ದ ಕಂಬಳಿಯ ಮೇಲೇ ಆಡುತ್ತಿದ್ದರು. ಚೆಂಡು ಉರುಳಿ ಅವಳ ಕಾಲ ಬಳಿ ಬಂತು. ತಕಲಿಯನ್ನು ಎಡಗೈಗೆ ಬದಲಿಸಿ, ಚೆಂಡನ್ನು ಎತ್ತಿ, ಕೂತಲ್ಲಿಂದಲೇ ಕೈ ಕೆಳಗಿನಿಂದ ಎಸೆದಳು. ಬಿಡುವಾಗ ಅವಳ ಬೆರಳು ಅಭ್ಯಾಸಬಲದಿಂದ ತಕಲಿಯನ್ನು ತಿರುವುವಂತೆ ಚೆಂಡನ್ನು ತಿರುವಿದವು. ಹುಡುಗಿಯ ಕಾಲಿನ ಬಳಿ ಬಿದ್ದ ಚೆಂಡು ಒಂದು ಮೊಳ ಆಚೆಗೆ ಹೊರಳಿ ಬ್ಯಾಟಿನ ಹೊರಗಿಂದ ಹೋಯಿತು.

"ಮತ್ತೊಮ್ಮಿ ಒಗಿ ಆಯಮ್ಮ," ಎಂದೆ. ಮತ್ತೆ ಅದೇ ಜಾಗ, ಅದೇ ಮೊಳ. ಹತ್ತು ಸಲ ಎಸೆಸಿದೆ.

"ಯಾಕ್ರಿ ಅಕ್ಕೋರ, ನನ್ನ ಕೂಡ ಆಟ ಹಚ್ಚೀರಿ? ಇದು ನೂಲೋದ್ರಿ. ಎಡ್ಡು ಎಳಿ ಕೂಡ್ಸಿ ಹುರಿ ಹಾಕಬೇಕಂದ್ರ ಉಲ್ಟಾ ತಿರುವಬೇಕು. ಇಲ್ಲಂದ್ರ ಬಿಚ್ಕೊತಾವ."

"ಉಲ್ಟಾ ತಿರುವಿ ಒಗಿ."

ಎಸೆದಳು. ಕೈ ಬಂದದ್ದು ಹಾಗೆಯೇ, ಹೆಬ್ಬೆರಳು ಮಾತ್ರ ಬೇರೆ ಕಡೆ ಸರಿಯಿತು. ಚೆಂಡು ಹೊರಗೆ ಬಿದ್ದು ಒಳಕ್ಕೆ ನುಗ್ಗಿತು. ಹುಡುಗಿ ಬ್ಯಾಟನ್ನು ಗಾಳಿಗೆ ಬೀಸಿ ಕೂತುಬಿಟ್ಟಳು. ಹೈದರಾಬಾದಿನಲ್ಲಿ ಎರಡು ಚಳಿಗಾಲ ಬೆವರು ಸುರಿಸಿದರೂ ನನಗೆ ಒಂದು ಕಡೆಗೂ ನೆಟ್ಟಗೆ ತಿರುಗಿಸಲು ಬಂದಿರಲಿಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ್ದು ಶುದ್ಧ ಮೂರ್ಖತನ. ಕೈ ಕೆಳಗಿನಿಂದ ಎಸೆಯುವುದು ಚಿಕ್ಕ ಮಕ್ಕಳ ಆಟ, ದೇಶಕ್ಕೆ ಆಡಿದವಳ ಎದುರು ನಗೆಪಾಟಲಾಗುತ್ತೇವೆ ಎಂದುಕೊಂಡು, ಅವಳಿಗೆ ತಲೆಯ ಮೇಲಿಂದ ಹಾಕುವುದನ್ನು ಕಲಿಸಲು ಹೊರಟೆ. ಮೊಣಕೈ ಮಡಚುತ್ತಿತ್ತು, ಅದು ನೋ ಬಾಲ್. ಬಿದಿರಿನ ಸೀಳು ಕಟ್ಟಿದೆ. ಬಾವಿಯ ಗೋಡೆಗೆ ಆನಿಸಿ ನಿಲ್ಲಿಸಿದೆ. ಎರಡು ವಾರದಲ್ಲಿ ಅವಳ ಭುಜ ಊದಿತೇ ಹೊರತು ಕೈ ನೇರವಾಗಲಿಲ್ಲ. ತಿರುಗುವುದೂ ಹೋಯಿತು.

ಉಸ್ತಾನಿ ಒಂದು ದಿನ ನಿಯಮದ ಪುಸ್ತಕವನ್ನು ತಂದು ನನ್ನ ಮುಂದೆ ಇಟ್ಟರು.

"ಇದರಾಗ ಎಲ್ಲಿ ಮನಾ ಮಾಡ್ಯಾರ ತೋರಸ್ರಿ. ಕೈ ಕೆಳಗಿಂದ ಹಾಕ್ತೀನಿ ಅಂತ ಅಂಪೈರಗ ಮೊದ್ಲ ಹೇಳಬೇಕು, ಅಷ್ಟ. ನಿಮ್ಮ ಶಾನ್ ಹೋಗ್ತದಂತ ಆಕಿ ಕೈ ಮುರೀತೀರೇನು?"

ಓದಿದೆ. ಎಲ್ಲಿಯೂ ನಿಷೇಧವಿರಲಿಲ್ಲ. ಬಿದಿರು ಬಿಚ್ಚಿ ಒಲೆಗೆ ಹಾಕಿದೆ. ಅಂದಿನಿಂದ ಆಯಮ್ಮ ದಿನವೂ ಹುಡುಗಿಯರಿಗೆ ಕೆಳಗಿನಿಂದಲೇ ಹಾಕಿದಳು. ಅವಳನ್ನು ತಂಡದಲ್ಲಿ ಆಡಿಸುವ ಯೋಚನೆ ಇನ್ನೂ ಇರಲಿಲ್ಲ. ಅವಳು ವಿದ್ಯಾರ್ಥಿನಿಯಲ್ಲ, ಟೀಚರಲ್ಲ. ಸಾಹೇಬಾರ ಕಾಗದ ನನ್ನ ಪೆಟ್ಟಿಗೆಯಲ್ಲೇ ಇತ್ತು. ಅವಳ ಚೆಂಡು ಎದುರಿಸಿ ಹುಡುಗಿಯರ ಬ್ಯಾಟು ಗಟ್ಟಿಯಾದರೆ ಸಾಕು ಎಂದುಕೊಂಡಿದ್ದೆ.

ತಾಂಡೂರಿಗೆ ಹೊರಡಲು ಮೂರು ದಿನವಿತ್ತು. ನಮ್ಮ ಒಂಬತ್ತು ಹುಡುಗಿಯರಲ್ಲಿ ಒಬ್ಬಳ ಮನೆಗೆ ಬೀಗರಾಗುವವರು ಬಂದರು. ನಮ್ಮ ಸೊಸೆಯಾಗುವವಳು ಬ್ಯಾಟು ಹಿಡಿಯುವುದಿಲ್ಲ ಎಂದರು. ಹುಡುಗಿ ಅಳುತ್ತ ಸೆರಗಿನ ಗಂಟು ಬಿಚ್ಚಿದಳು. ಉಳಿದವರು ಹತ್ತು ಜನ. ಹತ್ತೇ ಜನರಿಂದ ಆಡಿ ಮುಗಿಸಬಹುದಾಗಿತ್ತು. ಯಾರೂ ದೂರು ಕೊಡುತ್ತಿರಲಿಲ್ಲ. ಪಿರಿಯಡ್ಡೂ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಪಟ್ಟಿ ಬರೆಯಲು ಕೂತೆ. ಹತ್ತು ಹೆಸರು ಬರೆದು ಲೇಖನಿ ನಿಂತಿತು. ಅಂಗಳದಲ್ಲಿ ಆಯಮ್ಮ ಒಬ್ಬಳೇ ಗೋಡೆಗೆ ಚೆಂಡು ಹಾಕುತ್ತಿದ್ದಳು. ಒಂದು ಆ ಕಡೆ, ಒಂದು ಈ ಕಡೆ. ಚಲೋ ಬೌಲರನ್ನು ಕನಾತಿನ ಹೊರಗೆ ನೀರಿನ ಕೊಡದ ಜೊತೆ ನಿಲ್ಲಿಸಿ ನಾವು ಹತ್ತು ಜನ ಒಳಗೆ ಆಡಿದರೆ ಅದು ಮ್ಯಾಚಲ್ಲ, ಸೋಗು. ಅವಳನ್ನು ಕರೆದು ಕೇಳಿದೆ.

"ಆಡಾಕ ಬರ್ತೀಯೇನು?"

ಅವಳು ಚೆಂಡನ್ನು ಸೆರಗಿಗೆ ಒರೆಸಿಕೊಂಡಳು. "ನನ್ನ ನೌಕ್ರಿ ಹೋದ್ರ ಏನ್ ಮಾಡ್ಲಿ ಅಕ್ಕೋರ? ಮನ್ಯಾಗ ನಾಕ್ ಮಂದಿ ಅದಾರ."

"ನನ್ನ ಹುಕುಂ ಅಂತ ಬರೀತೀನಿ. ಹೋದ್ರ ನನ್ನದು ಹೋಗ್ತದ."

"ಹಂಗಾದ್ರ ಬರ್ಕೋರಿ," ಎಂದಳು. ಆಮೇಲೆ ತಿರುಗಿ ಬಂದು, "ಮನಸಂತೂ ಭಾಳ ಅದ್ರಿ," ಎಂದಳು. ಹನ್ನೊಂದನೆಯ ಹೆಸರು ಬರೆದೆ. ಕೆಳಗೆ ಇದು ನನ್ನ ಆದೇಶ, ಆಯಾಳ ತಪ್ಪಿಲ್ಲ ಎಂದು ಉರ್ದುವಿನಲ್ಲಿ ಸೇರಿಸಿ ಸಹಿ ಹಾಕಿದೆ.

ಸುರುಳಿ ಸುತ್ತಿದ ಕಂಬಳಿಯನ್ನು ಗಾರ್ಡಿನ ಡಬ್ಬಿಗೆ ಹೇರಿ ವಿಕಾರಾಬಾದಿಗೆ ಬಂದೆವು. ಅಲ್ಲಿ ಗಾಡಿ ಬದಲಿಸಿದೆವು. ಧಾರೂರು ದಾಟುವವರೆಗೆ ಹುಡುಗಿಯರು ಹಾಡು ಹೇಳಿದರು. ತಾಂಡೂರಿನ ರೈಲ್ವೆ ಮೈದಾನದ ನೆಲ ಗಟ್ಟಿಯಾಗಿತ್ತು. ಗೂಟ ಇಳಿಯಲಿಲ್ಲ. ಕಂಬಳಿಯ ಅಂಚಿಗೆಲ್ಲ ಅಲ್ಲಿಯದೇ ಫರಸಿ ಕಲ್ಲಿನ ತುಂಡು ಹೇರಿ ಬಿಗಿದೆವು. ಇಂಗ್ಲಿಷ್ ಕ್ಯಾಪ್ಟನ್ ಬಂದು ಮಂಡಿಯೂರಿ ಕಂಬಳಿಯನ್ನು ಸವರಿದಳು. ಎತ್ತರದ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು. "ಅಚ್ಛಾ ಹೈ," ಎಂದಳು. ಇದರ ಮೇಲೆ ಎಂಟು ಕೊಡ ನೀರು ಹೊಯ್ದ ಕಥೆ ನಾನು ಹೇಳಲಿಲ್ಲ.

ಸಾಹೇಬಾ ಕನಾತಿನೊಳಗೆ ಕುರ್ಚಿಯಲ್ಲಿ ಕೂತಿದ್ದರು. ಪಟ್ಟಿ ಓದಿ ಹನ್ನೊಂದನೆಯ ಹೆಸರಿನ ಮೇಲೆ ಬೆರಳಿಟ್ಟರು.

"ಇದು ಯಾರು?"

"ನಮ್ಮ ಶಾಲೆಯ ಆಯಾ."

"ನನ್ನ ಹುಕುಂ ಓದಿದ್ದೀರಾ?"

"ಓದಿದ್ದೇನೆ."

"ಆದರೂ?"

"ಆದರೂ ಬರೆದಿದ್ದೇನೆ."

ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಆಟ ಮುಗಿಯಲಿ," ಎಂದರು.

ನಾವು ಮೊದಲು ಬ್ಯಾಟು ಹಿಡಿದು ಅರವತ್ತೊಂದು ರನ್ನಿಗೆ ಎಲ್ಲರೂ ಔಟಾದೆವು. ಉಸ್ತಾನಿಯದು ಹತ್ತೊಂಬತ್ತು. ನಾನು ನಾಲ್ಕು ಹೊಡೆದು ಔಟಾದೆ, ಅದರ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಅವರ ಸರದಿ ಬಂದಾಗ ನಾನೂ ಇನ್ನೊಬ್ಬ ಹುಡುಗಿಯೂ ಬೌಲು ಮಾಡಿದೆವು. ಅವರಲ್ಲಿ ಇಬ್ಬರು ಬೇಗ ಔಟಾದರು. ಕ್ಯಾಪ್ಟನ್ ಬಂದಳು. ಅವಳು ಚೆಂಡನ್ನು ಹೊಡೆಯುತ್ತಿರಲಿಲ್ಲ, ಬೇಕಾದ ಕಡೆ ಕಳಿಸುತ್ತಿದ್ದಳು. ನಾನು ಇಬ್ಬರನ್ನು ಎಡಕ್ಕೆ ಸರಿಸಿದರೆ ಅವಳು ಬಲಕ್ಕೆ. ಬಲ ಮುಚ್ಚಿದರೆ ನನ್ನ ತಲೆಯ ಮೇಲಿಂದ. ನೋಡುತ್ತ ನಿಂತರೆ ಸಿಟ್ಟು ಬರುವುದನ್ನೂ ಮರೆಯುವಂಥ ಆಟ. ಅವರ ಮೊತ್ತ ನಲವತ್ತಾಯಿತು.

ಆಯಮ್ಮ ದೂರದ ಕನಾತಿನ ಬಳಿ ನಿಂತಿದ್ದಳು. ಪಟ್ಟಿಯಲ್ಲಿ ಹೆಸರು ಬರೆಯುವ ಧೈರ್ಯ ಮಾಡಿದ್ದ ನನಗೆ ಸಾಹೇಬಾರ ಕಣ್ಣೆದುರು ಅವಳ ಕೈಗೆ ಚೆಂಡು ಕೊಡುವ ಧೈರ್ಯ ಬರುತ್ತಿರಲಿಲ್ಲ. ಉಸ್ತಾನಿ ವಿಕೆಟ್ ಹಿಂದಿನಿಂದ ಕೂಗಿದರು, "ಆಕಿನ್ನ ಏನ್ ತಮಾಷಾ ನೋಡಾಕ ಕರ್ಕೊಂಡ್ ಬಂದೀರೇನು?" ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಕರೆದೆ. ಅಂಪೈರ್ ರೈಲ್ವೆ ದವಾಖಾನೆಯ ಹಿರಿಯ ನರ್ಸ್. "ಕೈ ಕೆಳಗಿನಿಂದ," ಎಂದು ಹೇಳಿದೆ. ನೋಡಲು ಬಂದ ಹೆಂಗಸರಲ್ಲಿ ನಗು ಎದ್ದಿತು. ಕ್ಯಾಪ್ಟನ್ ನಗಲಿಲ್ಲ. ಅವಳು ಆಯಮ್ಮನ ಬೆರಳನ್ನೇ ನೋಡುತ್ತಿದ್ದಳು.

ಮೊದಲ ಓವರಿನಲ್ಲಿ ಆರೂ ಚೆಂಡು ನೂಲುವ ಕಡೆಗೇ ತಿರುಗಿದವು. ಕ್ಯಾಪ್ಟನ್ ಎರಡನ್ನು ಬಿಟ್ಟಳು, ನಾಲ್ಕನ್ನು ಬ್ಯಾಟಿನ ಮಧ್ಯದಿಂದ ತಡೆದಳು. ಇನ್ನೊಂದು ತುದಿಯಿಂದ ನಾನು ಹಾಕಿದೆ. ಮುಂದಿನ ಓವರಿನಲ್ಲಿ ಅವಳು ತಿರುಗುವ ದಾರಿ ತಿಳಿದು, ಹೊರಕ್ಕೆ ಹೋಗುವ ಚೆಂಡನ್ನು ಅದೇ ಕಡೆಗೆ ಎರಡು ಸಲ ಗೆರೆ ದಾಟಿಸಿದಳು. ಆಯಮ್ಮ ನನ್ನ ಬಳಿ ಬಂದಳು.

"ಹುರಿ ಹಾಕ್ಲೇನ್ರಿ ಅಕ್ಕೋರ?"

"ಇನ್ನೊಂದು ನೂಲು. ಆಕಿ ಹೊಡೀಲಿ. ಆಮ್ಯಾಲ ಹಾಕು."

ಹಾಕಿದಳು. ಕ್ಯಾಪ್ಟನ್ ಮತ್ತೆ ಹೊಡೆದಳು. ಮುಂದಿನ ಚೆಂಡಿಗೆ ಒಂದು ಹೆಜ್ಜೆ ಮುಂದಿಟ್ಟು, ಹೊರಕ್ಕೆ ಹೋಗುತ್ತದೆ ಎಂದು ಬ್ಯಾಟನ್ನು ಆ ಕಡೆ ಒಯ್ದಳು. ಚೆಂಡು ಕಂಬಳಿಯನ್ನು ಕಚ್ಚಿ ಒಳಗೆ ಬಂದು ನಡುವಿನ ಕಡ್ಡಿಯನ್ನು ಕೆಡವಿತು. ಉಸ್ತಾನಿ ಮೊದಲು ಕಿರುಚಿದರು. ಕನಾತಿನ ಹೊರಗಿದ್ದ ಗಂಡಸರು ಏನಾಯಿತು ಏನಾಯಿತು ಎಂದು ಕೇಳತೊಡಗಿದರು. ನಾನು ಅಳುತ್ತಿದ್ದೆ, ನಾಯಕಿಯಾದವಳು ಮೈದಾನದಲ್ಲಿ ಅಳಬಾರದು ಎಂದು ಹುಡುಗಿಯರಿಗೆ ಕಲಿಸಿದವಳೇ ನಾನು.

ಆಮೇಲೆ ಆಯಮ್ಮ ಇನ್ನೂ ನಾಲ್ವರನ್ನು ಕೆಡವಿದಳು. ನನಗೂ ಇಬ್ಬರು ಸಿಕ್ಕರು. ಕೊನೆಯ ಜೋಡಿಗೆ ಮೂರು ರನ್ ಬೇಕಿತ್ತು. ಬ್ಯಾಟಿನ ಅಂಚಿಗೆ ತಗುಲಿದ ಚೆಂಡು ಉಸ್ತಾನಿಯ ಕೈ ಮೀರಿ ಹೋಯಿತು. ಒಂದೇ ವಿಕೆಟ್ ಉಳಿದು ಅವರು ಗೆದ್ದರು.

ಕ್ಯಾಪ್ಟನ್ ನೇರ ಆಯಮ್ಮನ ಬಳಿ ಬಂದು ಅವಳ ಬಲಗೈ ಹಿಡಿದು ತಿರುಗಿಸಿ ನೋಡಿದಳು. ಹೆಬ್ಬೆರಳ ಮೇಲೆ ನೂಲಿನ ಜಡ್ಡು ಕಟ್ಟಿತ್ತು. ಎಲ್ಲಿ ಕಲಿತೆ ಎಂದು ತನ್ನ ಮುರುಕು ಹಿಂದೂಸ್ತಾನಿಯಲ್ಲಿ ಕೇಳಿದಳು. "ಕುರಿ ಹಿಂದ ಅಡ್ಡಾಡ್ತಾ," ಎಂದಳು ಆಯಮ್ಮ. ನಾನು ಹಿಂದೂಸ್ತಾನಿಗೆ ತಿರುಗಿಸಿ ಹೇಳಿದೆ. ಕ್ಯಾಪ್ಟನ್ ಗಂಭೀರವಾಗಿ ತಲೆಯಾಡಿಸಿ, ತನ್ನನ್ನು ಪರದೇಶದಲ್ಲಿಯೂ ಯಾರೂ ಹೀಗೆ ಮೋಸಪಡಿಸಿರಲಿಲ್ಲ ಎಂದಳು. ಸಾಹೇಬಾ ಅಲ್ಲಿಯೇ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಚೀಲ ಎತ್ತಿಕೊಂಡು ಹೋದರು.

ಹದಿನೈದು ದಿನಕ್ಕೆ ಎರಡು ಲಕೋಟೆ ಬಂದವು. ಒಂದರಲ್ಲಿ ಜಹೀರಾಬಾದಿನ ಆಟದ ಪಿರಿಯಡ್ ವಾರಕ್ಕೆ ಎರಡು ದಿನ ಮುಂದುವರಿಯುತ್ತದೆ ಎಂದಿತ್ತು. ಇನ್ನೊಂದು ನನ್ನ ಹೆಸರಿಗೆ. ಲಿಖಿತ ಹುಕುಂ ಮೀರಿದ್ದಕ್ಕಾಗಿ ನಾರಾಯಣಖೇಡದ ಶಾಲೆಗೆ ವರ್ಗ, ಹೊಲಿಗೆ ಟೀಚರಾಗಿ. ಸಾಹೇಬಾ ಕೊಟ್ಟ ಮಾತನ್ನೂ ಉಳಿಸಿಕೊಂಡಿದ್ದರು, ತಮ್ಮ ಹುಕುಮನ್ನೂ. ಆ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಹೊಸ ಡ್ರಿಲ್ ಟೀಚರು ಬರುವವರೆಗೆ ಆಟದ ಪಿರಿಯಡ್ ಶಾಲೆಯ ಆಯಾ ನಡೆಸತಕ್ಕದ್ದು. ಅದನ್ನು ಓದಿ ನಾನು ಜೋರಾಗಿ ನಕ್ಕೆ. ಗಾಡಿ ಹತ್ತಿ ಊರು ಮರೆಯಾಗುವಾಗ ಮಾತ್ರ ನಗು ಬರಲಿಲ್ಲ. ಹನ್ನೊಂದನೆಯ ಹೆಸರು ಬರೆದದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ.

ನಾರಾಯಣಖೇಡದ ಶಾಲೆಗೆ ಅಂಗಳವೇ ಇರಲಿಲ್ಲ. ಓಡು ಹೊಲಿಗೆ, ಸರಪಳಿ ಹೊಲಿಗೆ, ಗುಂಡಿ ಮನೆ ಎಂದು ದಿನ ಕಳೆದೆ. ಮಳೆಗಾಲ ಮುಗಿದ ಮೇಲೆ ಒಂದು ಕಾರ್ಡು ಬಂತು. ಆಯಮ್ಮ ಹೇಳಿದ್ದನ್ನು ನಮ್ಮ ಹುಡುಗಿಯೊಬ್ಬಳು ಅವಳ ಮಾತಿನಲ್ಲೇ ಬರೆದಿದ್ದಳು. "ಅಕ್ಕೋರಿಗಿ ಶರಣ್ರಿ. ಹೊಸಾ ಡ್ರಿಲ್ ಅಕ್ಕೋರು ಇನ್ನಾ ಬಂದಿಲ್ಲ. ಪೋರಿಗಳು ಹತ್ತೊಂಬತ್ತ ಮಂದಿ ಆಗ್ಯಾರ. ಚೆಂಡಿನ ಹೊಲಿಗಿ ಬಿಚ್ಚೇದ, ಎಡ್ಡು ಸಲ ಹೊಲಿಸಿದ್ವಿ, ಇನ್ನ ಆಗಂಗಿಲ್ಲಂತ. ಇಬ್ಬರಿಗಿ ಉಲ್ಟಾ ತಿರುವೋದು ಬಂದದ್ರಿ."

ಕೊನೆಯ ಸಾಲನ್ನು ಮೂರು ಸಲ ಓದಿದೆ. ಟ್ರೇನಿಂಗಿನ ಕಾಲದಿಂದ ನನ್ನ ಪೆಟ್ಟಿಗೆಯಲ್ಲಿ ಒಂದು ಚೆಂಡು ಉಳಿದಿತ್ತು. ಹೊಲಿಗೆ ಕ್ಲಾಸಿನ ನಡುವೆ, ಇಪ್ಪತ್ತು ಹುಡುಗಿಯರ ಎದುರೇ ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಒತ್ತೊತ್ತಾಗಿ ಹೊಲಿದು, ಜಹೀರಾಬಾದಿನ ವಿಳಾಸ ಬರೆದೆ. ಇದೇನು ಅಕ್ಕೋರ ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಕೈಗೆ ಕೊಟ್ಟು, ಹೀಗೆ ಹಿಡಿ ಎಂದು ಅವಳ ಹೆಬ್ಬೆರಳನ್ನು ಸರಿಪಡಿಸಿದೆ.